ಕಂಡಕ್ಟರಿಗೆ ಲೈಸೆನ್ಸ್ ಬಂದದ್ದು

ನಿವೃತ್ತಿಯಾದ ಮೂರನೆಯ ವರ್ಷ ಕಂಡಕ್ಟರಿಗೆ ಅವರ ಬಲಗೈ ಹೆಬ್ಬೆರಳೇ ಕೈಕೊಟ್ಟಿತು. ಮೂವತ್ತು ವರ್ಷ ಟಿಕೆಟ್ ಹರಿದ ಬೆರಳು ಅದು. ತುಂಬಿದ ಬಸ್ಸಿನಲ್ಲಿ, ಒಂಟಿ ಕಾಲಿನ ಮೇಲೆ ನಿಂತು, ಯಾರದೋ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದಾಗಲೂ ಒಂದೇ ಒಂದು ಟಿಕೆಟ್ಟನ್ನೂ ಸೊಟ್ಟಗೆ ಹರಿಯದ ಬೆರಳು. ಈಗ ಅಂಗಿಯ ಗುಂಡಿ ಹಾಕುವುದಕ್ಕೂ ಒಪ್ಪದೆ ಸೆಟೆದು ನಿಂತಿತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಒತ್ತಿ ಎಂದರು. ಕಂಡಕ್ಟರು ಎರಡು ದಿನ ಒತ್ತಿ, ಮೂರನೆಯ ದಿನ ಚೆಂಡನ್ನು ಕಪಾಟಿನ ಮೇಲಕ್ಕೆ ಎಸೆದರು.

"ಅರವತ್ತೊಂದು ವರ್ಷದ ಗಂಡಸು ಚೆಂಡು ಹಿಡ್ಕೊಂಡು ಕೂತ್ರೆ ನೋಡೋರು ಏನಂದ್ಕೊಳ್ತಾರೆ?"

"ನೋಡೋಕೆ ಇರೋಳು ನಾನೊಬ್ಬಳೇ," ಎಂದರು ಹೆಂಡತಿ. "ನಾನು ಅಂದ್ಕೊಳ್ಳೋದೆಲ್ಲ ಅಂದ್ಕೊಂಡು ಬಹಳ ವರ್ಷ ಆಯ್ತು."

ಊರಿನ ಆ ತುದಿಯಲ್ಲಿದ್ದ ಮಗಳು, ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು, ಭಾನುವಾರ ಬಂದು ಮನೆಯ ಹಳೆಯ ಕಂಪ್ಯೂಟರಿಗೆ ಒಂದು ಕಾರ್ ರೇಸ್ ಹಾಕಿಕೊಟ್ಟಳು. "ಇದು ಮಕ್ಕಳಾಟ ಅಲ್ಲಪ್ಪ, ಸಿಮ್ಯುಲೇಟರ್. ನಿಜವಾದ ಗಾಡಿ ಹೇಗೆ ಓಡುತ್ತೋ ಹಾಗೇ ಓಡುತ್ತೆ. ಗುಂಡಿ ಒತ್ತಿ ಒತ್ತಿ ನಿನ್ನ ಬೆರಳು ಸಡಿಲ ಆಗುತ್ತೆ," ಎಂದು ಹೇಳಿ, ಎರಡು ಕೈಯಲ್ಲಿ ಹಿಡಿಯುವ, ಮೈತುಂಬ ಗುಂಡಿಗಳಿದ್ದ ಒಂದು ಕಂಟ್ರೋಲರನ್ನು ಅಪ್ಪನ ಮಡಿಲಲ್ಲಿಟ್ಟು ಹೊರಟುಹೋದಳು.

ಕಂಡಕ್ಟರು ಕನ್ನಡಕ ಹಾಕಿಕೊಂಡು ಕೂತರು. ಆ ಯಂತ್ರ ರಸ್ತೆ ತೋರಿಸುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿತು: ನಿಮ್ಮ ಲೈಸೆನ್ಸ್ ಹಂತವನ್ನು ಆರಿಸಿಕೊಳ್ಳಿ. ಕೆಳಗೆ ನಾಲ್ಕು ಹೆಸರು. ಬಿಗಿನರ್, ಅಮೆಚೂರ್, ಪ್ರೊಫೆಷನಲ್, ಎಕ್ಸ್‌ಪರ್ಟ್. ಅವರು ಮಗಳಿಗೆ ಫೋನ್ ಮಾಡಿದರು. ಅವಳು, "ಬಿಗಿನರ್ ಒತ್ತಪ್ಪ, ಇನ್ನೇನು?" ಎಂದಳು.

ಆ "ಇನ್ನೇನು" ಅವರಿಗೆ ನಾಟಿತು. ಇದರ ಹಿಂದೆ ಒಂದು ಹಳೆಯ ಕಥೆಯಿದೆ. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕಂಡಕ್ಟರು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಿದವರಲ್ಲ. ಆದರೆ ಮೂವತ್ತು ವರ್ಷ ಒಬ್ಬರೇ ಒಬ್ಬ ಡ್ರೈವರ ಬೆನ್ನ ಹಿಂದೆ ನಿಂತು, ಯಾವಾಗ ಬ್ರೇಕ್ ಒತ್ತಬೇಕು, ಯಾವ ಲಾರಿಗೆ ದಾರಿ ಬಿಡಬಾರದು ಎಂದು ಬಿಟ್ಟೂಬಿಡದೆ ಹೇಳಿದವರು. ಡ್ರೈವರು ಮಾತಿನವರಲ್ಲ, ಹೂಂ ಎಂದು ತಮಗೆ ಸರಿ ಕಂಡ ಹಾಗೆ ಓಡಿಸುತ್ತಿದ್ದರು. ಇಬ್ಬರೂ ಒಂದೇ ಕಟ್ಟಡದಲ್ಲಿ ಮನೆ ಮಾಡಿದ್ದರು. ಇವರು ಮೂರನೆಯ ಮಹಡಿ, ಅವರು ನೆಲಮಹಡಿ. ಒಂದೇ ದಿನ ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಕಂಡಕ್ಟರಿಗೆ ಮೈಕು ಸಿಕ್ಕಿತು. ಅವರು ಹೇಳಿದರು: "ಇವರು ಸ್ಟೀರಿಂಗ್ ಹಿಡ್ಕೊಂಡಿದ್ರು ಅಷ್ಟೇ. ಮೂವತ್ತು ವರ್ಷ ಬಸ್ ಓಡಿಸಿದ್ದು ನನ್ನ ಸೀಟಿ."

ಸಭೆ ಬಿದ್ದು ಬಿದ್ದು ನಕ್ಕಿತು. ಡ್ರೈವರು ಕೈಯಲ್ಲಿದ್ದ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಎದ್ದುಹೋದರು. ಅಲ್ಲಿಂದ ಮಾತಿಲ್ಲ. ಹೋದ ವರ್ಷ ಡ್ರೈವರಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋದಾಗ ಕಂಡಕ್ಟರು ಒಂದು ಚೀಲ ಹಣ್ಣು ತೆಗೆದುಕೊಂಡು ನೆಲಮಹಡಿಯ ಬಾಗಿಲತನಕ ಹೋದರು. ಗಂಟೆ ಒತ್ತಲು ಬೆರಳೆತ್ತಿದರು, ಇಳಿಸಿದರು, ಮೇಲೆ ಬಂದರು. ಆ ಹಣ್ಣನ್ನು ನಾಲ್ಕು ದಿನ ತಾವೇ ತಿಂದರು. ಹೆಂಡತಿ ಒಂದನ್ನೂ ಮುಟ್ಟಲಿಲ್ಲ.

ಇಂಥ ಮನುಷ್ಯನಿಗೆ ಬಿಗಿನರ್ ಅನ್ನುವುದೆಂದರೇನು? ಕಂಡಕ್ಟರು ನಾಲ್ಕನೆಯ ಹೆಸರಿನ ಮೇಲೆ ಬಾಣವನ್ನು ತಂದು ನಿಲ್ಲಿಸಿ ಒತ್ತಿದರು. ಪರದೆಯ ಮೇಲೆ ಬಂಗಾರದ ಬಣ್ಣದ ಚೀಟಿಯೊಂದು ಮೂಡಿತು. ಅವರ ಹೆಸರು, ಕೆಳಗೆ ದೊಡ್ಡದಾಗಿ: ಎಕ್ಸ್‌ಪರ್ಟ್.

ಮುಂದಿನ ಒಂಬತ್ತು ಸೆಕೆಂಡಿನಲ್ಲಿ ಗಾಡಿ ಗೋಡೆಗೆ ಗುದ್ದಿತು.

ಮತ್ತೆ ಓಡಿಸಿದರು, ಅದೇ ಗೋಡೆ. ಸೆಟೆದ ಹೆಬ್ಬೆರಳು ಒತ್ತಿದ ಗುಂಡಿಯನ್ನು ಬಿಡುತ್ತಿರಲಿಲ್ಲ, ಬಿಟ್ಟದ್ದನ್ನು ಒತ್ತುತ್ತಿರಲಿಲ್ಲ. ಕುಣಿಯಲಾರದವರಿಗೆ ನೆಲ ಡೊಂಕು ಎಂಬ ಗಾದೆ ಅವರಿಗೂ ಗೊತ್ತಿತ್ತು, ಆದರೆ ಅದು ಬೇರೆಯವರಿಗೆಂದು ಮಾಡಿದ್ದು. "ತಪ್ಪು ಈ ಸೋಪಿನ ಡಬ್ಬಿಯದು," ಎಂದು ಕೈಯಲ್ಲಿದ್ದ ಕಂಟ್ರೋಲರನ್ನು ದೂರಿ, ಮರುದಿನ ಬೆಳಿಗ್ಗೆ ಕಂಪ್ಯೂಟರ್ ಅಂಗಡಿಗೆ ಹೋದರು.

ಅಂಗಡಿಯವನು ತಾಳ್ಮೆಯ ಮನುಷ್ಯ. "ಹೊಸದಾಗಿ ಕಲಿಯೋರಿಗೆ ಕೈಲಿ ಹಿಡಿಯೋ ಕಂಟ್ರೋಲರೇ ವಾಸಿ ಸರ್. ಸ್ಟೀರಿಂಗು ಆಮೇಲೆ."

"ನಾನು ಎಕ್ಸ್‌ಪರ್ಟ್."

"ಎಷ್ಟು ದಿನದಿಂದ ಆಡ್ತಿದೀರಿ?"

"ನಿನ್ನೆಯಿಂದ."

ಅಂಗಡಿಯವನು ಮೇಲಿನ ಅಟ್ಟದಿಂದ ಒಂದು ದೊಡ್ಡ ಪೆಟ್ಟಿಗೆ ಇಳಿಸಿದ. ಒಳಗೆ ಚರ್ಮದ ಹೊದಿಕೆಯ ಸ್ಟೀರಿಂಗು, ಎರಡು ಪೆಡಲು, ಮೇಜಿಗೆ ಬಿಗಿಯುವ ತಿರುಪುಗಳು.

ಮನೆಯಲ್ಲಿ ಆ ತಿರುಪಿಗೆ ಒಗ್ಗುವ ದಪ್ಪದ ಮೇಜು ಒಂದೇ ಇತ್ತು, ಊಟದ ಮೇಜು. ಅಂದಿನಿಂದ ಗಂಡಹೆಂಡತಿ ಮಂಚದ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಿದರು. ಬ್ರೇಕ್ ಒತ್ತಿದರೆ ಪೆಡಲು ನೆಲದ ಮೇಲೆ ಜಾರುತ್ತಿತ್ತು. ಜಾರದಿರಲೆಂದು ಅದನ್ನು ಬಟ್ಟೆಯ ಬೀರುವಿಗೆ ಆನಿಸಿದರು. ಮೂರು ದಿನದಲ್ಲಿ ಬೀರು ಒಂದು ಗೇಣು ಹಿಂದೆ ಸರಿದು, ಅದರ ಒಂದು ಬಾಗಿಲು ತೆರೆಯದಂತಾಯಿತು. ಹೆಂಡತಿಯ ಒಳ್ಳೆಯ ಸೀರೆಗಳೆಲ್ಲ ಆ ಬಾಗಿಲ ಹಿಂದೆ ಇದ್ದವು.

"ರೀ, ನಾನು ಮದುವೆ ಮನೆಗೆ ಹೇಗೆ ಹೋಗ್ಲಿ?"

"ಕಾರಲ್ಲಿ," ಎಂದರು ಕಂಡಕ್ಟರು ತಿರುವಿನಿಂದ ಕಣ್ಣು ಕೀಳದೆ.

ಸಂಜೆ ಮಗಳು ಫೋನ್ ಮಾಡಿದಳು. ಒಳಗೆ ಸಿಗ್ನಲ್ ಸರಿಯಿಲ್ಲದ್ದರಿಂದ ಕಂಡಕ್ಟರು ಬಾಲ್ಕನಿಗೆ ಬಂದರು. ಬಸ್ಸಿನ ಕೊನೆಯ ಸೀಟಿಗೆ ಕೇಳುವಂತೆ ಮಾತಾಡಿ ಅಭ್ಯಾಸವಾದ ಗಂಟಲು ಅದು. "ಹೂಂ ಕಣಮ್ಮ, ಲೈಸೆನ್ಸ್ ಬಂತು! ಎಕ್ಸ್‌ಪರ್ಟ್! ಇಲ್ಲ ಇಲ್ಲ, ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಒತ್ತಿದೆ, ಕೊಟ್ಟುಬಿಟ್ರು!"

ಪಕ್ಕದ ಬಾಲ್ಕನಿಯಲ್ಲಿ ಟೈಲರಮ್ಮ ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದರು. ಅವರ ಬಾಯಲ್ಲಿ ಸೂಜಿ ಇದ್ದುದರಿಂದ ಆ ಕ್ಷಣ ಏನೂ ಹೇಳಲಾಗಲಿಲ್ಲ. ಸೂಜಿ ತೆಗೆದ ಮೇಲೆ ಕಟ್ಟಡಕ್ಕೆಲ್ಲ ಹೇಳಿದರು. ಎರಡನೆಯ ಮಹಡಿಗೆ ಇಳಿಯುವಷ್ಟರಲ್ಲಿ, ಕಂಡಕ್ಟರು ಯಾರದೋ ಕೈಗೆ ಏನೋ ಒತ್ತಿ ಪರೀಕ್ಷೆಯಿಲ್ಲದೆ ಲೈಸೆನ್ಸ್ ತಂದಿದ್ದಾರೆ ಎಂದಾಗಿತ್ತು. ಒಂದನೆಯ ಮಹಡಿಯಲ್ಲಿ, ಪರೀಕ್ಷೆ ಮಾಡಬೇಕಾದ ಅಧಿಕಾರಿಯೇ ಇವರ ಹಳೆಯ ಬಸ್ಸಿನ ಪ್ರಯಾಣಿಕನಂತೆ, ಇವರನ್ನು ನೋಡಿ ಎದ್ದು ನಿಂತನಂತೆ ಎಂದಾಯಿತು. ನೆಲಮಹಡಿಯಲ್ಲಿ ಡ್ರೈವರ ಹೆಂಡತಿಗೆ ಹೇಳಿದಾಗ ಅವರು, "ಹೌದಾ, ಒಳ್ಳೇದಾಯ್ತು," ಎಂದಷ್ಟೇ ಹೇಳಿ ಬಾಗಿಲು ಮುಂದಕ್ಕೆ ಮಾಡಿಕೊಂಡರು.

ಮರುದಿನ ಮೆಟ್ಟಿಲ ಮೇಲೆ ಟೈಲರಮ್ಮ ಅಡ್ಡ ಸಿಕ್ಕಿ, "ಗಾಡಿ ಹೇಗೆ ಓಡ್ತಿದೆ ಅಣ್ಣಾ?" ಎಂದರು.

"ಇವತ್ತು ಹನ್ನೊಂದು ಸಲ ಗುದ್ದಿದೆ ಟೈಲರಮ್ಮ. ಆದ್ರೂ ಗಾಡಿಗೆ ಒಂದು ಗೀರಿಲ್ಲ."

ಟೈಲರಮ್ಮ ಎರಡು ಮೆಟ್ಟಿಲು ಹಿಂದಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು.

ಮುಂದಿನ ಮಂಗಳವಾರ ಕಟ್ಟಡದ ಸಂಘದ ಕಾರ್ಯದರ್ಶಿ ಬಂದು ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತರು. ನಿವೃತ್ತ ಮೇಷ್ಟ್ರು, ಮಾತು ಪುಸ್ತಕ ಓದಿದ ಹಾಗೆ. ಸಂಘಕ್ಕೊಂದು ವ್ಯಾನಿತ್ತು. ಪ್ರತಿ ಗುರುವಾರ ಕಟ್ಟಡದ ವಯಸ್ಸಾದವರನ್ನು ಅದು ಆಸ್ಪತ್ರೆಗೆ ಕರೆದೊಯ್ಯಬೇಕು. ಅದನ್ನು ಓಡಿಸುವವನು ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದ.

"ತಮಗೆ ಅನುಜ್ಞಾಪತ್ರ ದೊರೆತದ್ದು ಕೇಳಿ ಸಂತೋಷವಾಯಿತು. ಅನುಭವ ಎಷ್ಟು?"

"ಒಂದು ವಾರದಲ್ಲಿ ನಾನೂರು ಕಿಲೋಮೀಟರ್ ಮೇಷ್ಟ್ರೇ," ಎಂದರು ಕಂಡಕ್ಟರು ಆಟದ ಲೆಕ್ಕ ಕೇಳುತ್ತಿದ್ದಾರೆಂದು ಭಾವಿಸಿ.

"ಅಬ್ಬಾ! ಎಲ್ಲಿಂದ?"

"ಇಲ್ಲಿಂದಲೇ. ಮನೆಯಿಂದ."

"ಗೇರು?"

"ತಾನಾಗೇ ಬೀಳುತ್ತೆ. ಆ ಥರ ಇಟ್ಕೊಂಡಿದೀನಿ."

"ರಾತ್ರಿ? ಮಂಜು?"

"ಎಲ್ಲಾ ಇದೆ. ಯಾವುದು ಬೇಕಾದ್ರೂ ಹಾಕ್ಕೋಬಹುದು."

ಕಾರ್ಯದರ್ಶಿಗಳು ಕೊನೆಯ ಮಾತು ಅರ್ಥವಾಗದಿದ್ದರೂ ತಲೆದೂಗಿ, ವ್ಯಾನಿನ ಬೀಗದ ಕೈಯನ್ನು ಕಂಡಕ್ಟರ ಕೈಗಿಟ್ಟರು. "ಹಾಗಾದರೆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ. ಹನ್ನೊಂದು ಜನ. ನೆಲಮಹಡಿಯವರನ್ನು ಕೇಳೋಣವೆಂದರೆ, ಪಾಪ, ಅವರ ಕೈ ಹಾಗಾಗಿದೆ. ಈಗ ಈ ಕಟ್ಟಡದಲ್ಲಿ ಡ್ರೈವರ್ ಅಂದರೆ ತಾವೇ."

ಕಂಡಕ್ಟರಿಗೆ ಆಗ ವಿಷಯ ಹೊಳೆಯಿತು. ಅಲ್ಲೇ ನಕ್ಕು, "ಅಯ್ಯೋ ಮೇಷ್ಟ್ರೇ, ಅದು ಆಟದ ಲೈಸೆನ್ಸು," ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಹೇಳಲು ಬಾಯಿ ತೆರೆದರು ಕೂಡ. ಆದರೆ ಡ್ರೈವರ್ ಅಂದರೆ ತಾವೇ ಎಂಬ ಮಾತನ್ನು ಮೂವತ್ತು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಅದು ಕಿವಿಯಿಂದ ಒಳಗಿಳಿದು, ಎದೆಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋಗಲಿ ಎಂದು ಅವರು ಕಾದರು. ಅಷ್ಟರಲ್ಲಿ ಕಾರ್ಯದರ್ಶಿಗಳೇ ಎದ್ದು ಹೋಗಿದ್ದರು.

ಸಂಜೆಯ ಹೊತ್ತಿಗೆ ಕೆಳಗಿನ ಫಲಕದಲ್ಲಿ ನೋಟೀಸು ಬಿತ್ತು. 'ಅರವತ್ತೊಂದರ ಹರೆಯದಲ್ಲಿ ಎಕ್ಸ್‌ಪರ್ಟ್ ಲೈಸೆನ್ಸ್ ಪಡೆದ ನಮ್ಮ ಹೆಮ್ಮೆಯ ಕಂಡಕ್ಟರು.' ಹೆಂಡತಿ ತರಕಾರಿ ಚೀಲದ ಸಮೇತ ಅದರ ಮುಂದೆ ನಿಂತು ಎರಡು ಸಲ ಓದಿ ಮೇಲೆ ಬಂದರು.

"ಹೇಳಿಬಿಡಿ ರೀ."

"ನಾಳೆ ಹೇಳ್ತೀನಿ."

"ಬೆಂಡೆಕಾಯಿ ಆದ್ರೆ ನಾಳೆಗೆ ಇಟ್ಕೋಬಹುದು. ಸುಳ್ಳು ಇಟ್ಟಷ್ಟೂ ಬಲಿಯುತ್ತೆ."

ಬುಧವಾರ ಕಂಡಕ್ಟರು ಹೇಳಲಿಲ್ಲ. ಬದಲಿಗೆ ದಿನವಿಡೀ ಅಭ್ಯಾಸ ಮಾಡಿದರು. ಒಂದೇ ದಿನದಲ್ಲಿ ಕಲಿತುಬಿಟ್ಟರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲವಲ್ಲ! ಬೆಳಿಗ್ಗೆ ಏಳು ಗಾಡಿಗೆ ಗುದ್ದಿದರು. ಮಧ್ಯಾಹ್ನ ಗುದ್ದುವುದಕ್ಕೆ ಗಾಡಿ ಸಿಗದೆ ಪ್ರೇಕ್ಷಕರ ಕಟಕಟೆಗೆ ನುಗ್ಗಿದರು. ಸಂಜೆ ಪರದೆಯ ಮೇಲೆ ಕೆಂಪಕ್ಷರ ಮೂಡಿತು: 'ಸುರಕ್ಷತಾ ಅಂಕಗಳು ಕುಸಿದಿರುವುದರಿಂದ ನಿಮ್ಮ ಲೈಸೆನ್ಸನ್ನು ಬಿಗಿನರ್ ಹಂತಕ್ಕೆ ಇಳಿಸಲಾಗಿದೆ.' ಲಂಚ ಕೊಡಲಾಗದ, ಶಿಫಾರಸು ಕೇಳದ, ಊಟಕ್ಕೂ ಏಳದ ಅಧಿಕಾರಿ ಅದು. ಕಂಡಕ್ಟರು ಅದನ್ನು ತುಂಬ ಹೊತ್ತು ನೋಡಿ ಪ್ಲಗ್ಗು ಕಿತ್ತರು.

ಗುರುವಾರ ಒಂಬತ್ತಕ್ಕೆ ವ್ಯಾನಿನಲ್ಲಿ ಹನ್ನೊಂದೂ ಜನ ಕೂತಿದ್ದರು. ಊರುಗೋಲುಗಳು, ಎಕ್ಸ್‌ರೇ ಲಕೋಟೆಗಳು, ನೀರಿನ ಬಾಟಲಿಗಳು. ಜೊತೆಗೆ ಟೈಲರಮ್ಮ, ತಮ್ಮ ಅತ್ತೆಯನ್ನು ಹಿಡಿದುಕೊಳ್ಳಲು. ಬಾಗಿಲಲ್ಲಿ ಕಾರ್ಯದರ್ಶಿ, ಪಟ್ಟಿಗೆ ಗುರುತು ಹಾಕುತ್ತ. ಡ್ರೈವರ ಸೀಟಿನ ಸರಿಯಾಗಿ ಹಿಂದೆ, ಎಡಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಡ್ರೈವರು. ಪಕ್ಕದಲ್ಲಿ ಅವರ ಹೆಂಡತಿ.

ಕಂಡಕ್ಟರು ಹತ್ತಿ ಕೂತರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಗುಂಡಿಗಳನ್ನು ಹೆಂಡತಿ ಹಾಕಿಕೊಟ್ಟಿದ್ದರು. ಸೀಟನ್ನು ಮುಂದೆ ಎಳೆದರು. ಹಿಂದೆ ತಳ್ಳಿದರು. ಕೆಳಗೆ ನೋಡಿದರು. ಪೆಡಲುಗಳು ಮೂರಿದ್ದವು.

ಅವರು ಇನ್ನೊಮ್ಮೆ ಎಣಿಸಿದರು.

"ಏನಪ್ಪಾ, ಏನಾದ್ರೂ ಬಿದ್ದೋಯ್ತಾ?" ಎಂದಿತು ಟೈಲರಮ್ಮನ ಅತ್ತೆ.

"ಇಲ್ಲ ಅಜ್ಜಿ. ಒಂದು ಜಾಸ್ತಿ ಇದೆ."

ಹಿಂದಿನಿಂದ, ಮೂರು ವರ್ಷದ ಮೇಲೆ ಮೊದಲ ಸಲ, ಆ ದನಿ ಕೇಳಿತು. ಮೆಲ್ಲಗೆ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. "ಎಡಗಡೆದು ಕ್ಲಚ್. ನೀವು ಅದನ್ನ ಪೂರ್ತಿ ಒತ್ತಬೇಕು."

ನೀವು. ಮೂವತ್ತು ವರ್ಷ ನೀನು, ಲೇ, ಕತ್ತೆ ಎಂದಿದ್ದ ಮನುಷ್ಯ. ಕಂಡಕ್ಟರು ತಲೆಯೆತ್ತಿದಾಗ ಎದುರಿನ ಕನ್ನಡಿಯಲ್ಲಿ ಹನ್ನೊಂದು ಮುಖಗಳೂ ಒಟ್ಟಿಗೆ ಕಂಡವು. ಒಬ್ಬರು ಆಗಲೇ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದರು, ಇನ್ನೇನು ಗಾಡಿ ಹೊರಟಿತೆಂಬ ನೆಮ್ಮದಿಯಲ್ಲಿ. ಪ್ರಯಾಣಿಕರ ಮುಖ ಕಂಡಕ್ಟರಿಗೆ ಹೊಸದಲ್ಲ. ಟಿಕೆಟ್ ಕೊಡುವಾಗ ಒಂದೊಂದಾಗಿ ನೋಡಿ ಮರೆತವರು ಅವರು. ಹೀಗೆ ಎಲ್ಲರನ್ನೂ ಒಂದೇ ಸಲ, ತಮ್ಮ ಎರಡು ಕೈಯನ್ನು ನಂಬಿ ಕೂತವರನ್ನು, ಅವರೆಂದೂ ನೋಡಿರಲಿಲ್ಲ. ಕೀಲಿ ತಿರುಗಿಸಲು ಹೋದ ಕೈ ಅದನ್ನು ಎಳೆದುಕೊಂಡು ಮಡಿಲಲ್ಲಿ ಬಿತ್ತು.

"ನನಗೆ ಲೈಸೆನ್ಸ್ ಇಲ್ಲ," ಎಂದರು.

"ಮನೆಯಲ್ಲಿ ಮರೆತಿರಾ?" ಎಂದರು ಕಾರ್ಯದರ್ಶಿ.

"ಇಲ್ಲ ಮೇಷ್ಟ್ರೇ. ಅದು ಕಂಪ್ಯೂಟರಿಂದು."

"ಈಗ ಎಲ್ಲರಿಗೂ ಕಂಪ್ಯೂಟರಿನದ್ದೇ ಅಲ್ಲವೇ ಕೊಡುವುದು?"

"ಆಟದ್ದು ಮೇಷ್ಟ್ರೇ! ಕಾರ್ ಆಟ. ಬೆರಳಿಗೆ ವ್ಯಾಯಾಮ ಅಂತ ಮಗಳು ಹಾಕಿಕೊಟ್ಟಳು. ಆಡೋ ಚಕ್ರ ನಾನೇ ತಂದೆ. ನಾಲ್ಕು ಹೆಸರಿತ್ತು, ಒಂದನ್ನ ಒತ್ತಿದೆ. ನಿನ್ನೆ ಸಂಜೆ ಅದನ್ನೂ ಕಿತ್ಕೊಂಡ್ರು."

"ಮತ್ತೆ ಆ ಹನ್ನೊಂದು ಸಲ ಗುದ್ದಿದ್ದು?" ಎಂದರು ಟೈಲರಮ್ಮ.

"ಆಟದಲ್ಲೇ."

ಅಜ್ಜಿ ಸೊಸೆಯ ಕಡೆ ವಾಲಿ, "ಏನಂತೆ?" ಎಂದಿತು. "ಇವರಿಗೆ ಓಡಿಸೋಕೆ ಬರಲ್ವಂತೆ ಅತ್ತೆ." "ಅಷ್ಟೇನಾ? ನನಗೂ ಬರಲ್ಲ, ಹೇಳು," ಎಂದಿತು ಅಜ್ಜಿ.

ಯಾರೋ ನಗಲು ಶುರುಮಾಡಿದರು. ಕಂಡಕ್ಟರು ಸೀಟಿನಲ್ಲೇ ತಿರುಗಿ ಕೂತರು. ನಗು ನಿಂತಿತು, ಏಕೆಂದರೆ ಅವರ ಕಣ್ಣು ತುಂಬಿತ್ತು.

"ಇನ್ನೊಂದು ಮಾತಿದೆ. ಅವತ್ತು ಮೈಕಲ್ಲಿ ಹೇಳಿದ್ದು, ಹಾಗಾಗಿ ಇದನ್ನೂ ಎಲ್ಲರ ಮುಂದೇನೇ ಹೇಳ್ತೀನಿ. ಮೂವತ್ತು ವರ್ಷ ಬಸ್ ಓಡಿಸಿದ್ದು ಇವರು. ಒಂದು ನಾಯಿಗೂ ತಾಗಿಸಲಿಲ್ಲ. ನಾನು ಹಿಂದೆ ನಿಂತು ಬಾಯಿ ಬಡ್ಕೊಂಡೆ, ಅಷ್ಟೇ."

ಡ್ರೈವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೊನೆಗೆ, ಕಾರ್ಯದರ್ಶಿಯ ಕಡೆ ತಿರುಗಿ, "ಹೊತ್ತಾಯ್ತು. ಬೇರೆ ಗಾಡಿ ಕರೀರಿ," ಎಂದರು.

ಎರಡು ಟ್ಯಾಕ್ಸಿಗಳು ಬಂದು ಮೂರು ಸಲ ಓಡಾಡಿದವು. ಕಂಡಕ್ಟರು ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿ ಹತ್ತಿಸಿದರು. ಡ್ರೈವರು ಮಾತ್ರ ಅವರ ಕೈ ಹಿಡಿಯದೆ, ಹೆಂಡತಿಯ ಭುಜ ಹಿಡಿದು ಇಳಿದರು.

ಕಾರ್ಯದರ್ಶಿಗಳು ಅಂದೇ ನೋಟೀಸು ಕಿತ್ತರು. ಕಂಡಕ್ಟರು ಮೂರು ದಿನ ಮನೆಯಿಂದ ಹೊರಬೀಳಲಿಲ್ಲ. ಭಾನುವಾರ ಬೆಳಿಗ್ಗೆ ಅವರು ಸ್ಟೀರಿಂಗಿನ ತಿರುಪು ಬಿಚ್ಚಲು ಕೂತರು. ಹೆಬ್ಬೆರಳಿಗೆ ಬಲವಿಲ್ಲದೆ ತಿರುಪು ಅಲ್ಲಾಡಲಿಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

ಬಾಗಿಲಲ್ಲಿ ಡ್ರೈವರು ನಿಂತಿದ್ದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಹಿಂದೆ ಅವರ ಹೆಂಡತಿ.

"ಆ ಚಕ್ರ ಇನ್ನೂ ಇದೆಯಾ?"

"ಇದೆ. ಬಿಚ್ತಾ ಇದ್ದೆ. ಬಿಚ್ಚೋಕೂ ಬರ್ತಿಲ್ಲ."

"ಆಸ್ಪತ್ರೇಲಿ ಹೇಳಿದಾರೆ, ಎರಡೂ ಕೈ ಹಿಡಿದು ತಿರುಗಿಸೋ ಅಂಥದ್ದು ಏನಾದ್ರೂ ದಿನಾ ಮಾಡ್ಬೇಕು ಅಂತ. ಇವಳು ಬೀಸೋ ಕಲ್ಲು ತರ್ತೀನಿ ಅಂತಾಳೆ." ಬಾಗಿಲ ಚೌಕಟ್ಟು ಹಿಡಿದು, "ಕೂತ್ಕೋ ಅಂತ ಹೇಳಲ್ವೇನೋ ಕತ್ತೆ?" ಎಂದರು.

ಕಂಡಕ್ಟರು ಕುರ್ಚಿ ತರಲು ಹೋಗಿ, ಎರಡು ಕುರ್ಚಿ ತಂದು, ಮತ್ತೆ ಹೋಗಿ ಇನ್ನೂ ಎರಡು ತಂದರು. ಯಾವುದನ್ನು ಎಲ್ಲಿಡಬೇಕೆಂದು ತಿಳಿಯದೆ ನಾಲ್ಕನ್ನೂ ಹಿಡಿದುಕೊಂಡೇ ನಿಂತರು. ಹೆಂಡತಿ ಬಂದು ಬಿಡಿಸಿದರು.

ಯಂತ್ರ ಮತ್ತೆ ಅದೇ ಪ್ರಶ್ನೆ ಕೇಳಿತು. ಹೊಸ ಆಟಗಾರ, ಲೈಸೆನ್ಸ್ ಹಂತ? ಕಂಡಕ್ಟರು ನೇರವಾಗಿ ಎಕ್ಸ್‌ಪರ್ಟಿನ ಮೇಲೆ ಬಾಣ ತಂದರು.

"ತಡಿ. ಮೊದಲನೇದು ಏನದು?"

"ಬಿಗಿನರ್. ಹೊಸಬರಿಗೆ. ನಿನಗಲ್ಲ ಬಿಡು."

"ಅದನ್ನೇ ಒತ್ತು."

"ಮೂವತ್ತು ವರ್ಷ ಓಡಿಸಿದೋನು ನೀನು!"

"ಓಡಿಸಿದ್ದು ನಾನು," ಎಂದರು ಡ್ರೈವರು, ಬಲಗೈಯಿಂದ ಎಡಗೈಯನ್ನು ಎತ್ತಿ ಚಕ್ರದ ಮೇಲಿಡುತ್ತ. "ಈ ಕೈ ಹೊಸದು."

ಕಂಡಕ್ಟರು ಒತ್ತಿದರು. ಗುಂಡಿಯ ಕಂಟ್ರೋಲರ್ ಸುಲಭವೇನೋ ಎಂದು ಅದನ್ನೂ ತೋರಿಸಿದರು. ಡ್ರೈವರು ಅದನ್ನು ತಿರುಗಿಸಿ ನೋಡಿ, "ಇದರಲ್ಲಿ ಹಿಡಿಯೋಕೆ ಏನಿದೆ?" ಎಂದು ವಾಪಸು ಕೊಟ್ಟರು.

ಹಸಿರು ದೀಪ ಹತ್ತಿತು. ಹತ್ತೊಂಬತ್ತು ಗಾಡಿಗಳು ಬಾಣದ ಹಾಗೆ ಹೋದವು. ಇಪ್ಪತ್ತನೆಯದು ಎರಡೂ ಕಡೆ ನೋಡಿಕೊಂಡು ಹೊರಟಿತು.

"ಒತ್ತು, ಒತ್ತು! ಎಲ್ಲರೂ ಹೋದ್ರು!"

"ಹೋಗ್ಲಿ. ಇಂಡಿಕೇಟರ್ ಎಲ್ಲಿ?"

"ರೇಸ್ ಗಾಡಿಗೆ ಇಂಡಿಕೇಟರ್ ಇರಲ್ಲ."

"ಮತ್ತೆ ಹಿಂದಿನವನಿಗೆ ಹೇಗೆ ಗೊತ್ತಾಗೋದು?"

"ಹಿಂದೆ ಯಾರೂ ಇಲ್ಲ ಕಣೋ! ಎಲ್ಲಾ ಮುಂದೆ ಇದಾರೆ!"

ಮೂರು ಸುತ್ತು ಮುಗಿಯುವಷ್ಟರಲ್ಲಿ ಮುಂದಿನವರು ಇವರನ್ನು ಎರಡು ಸಲ ಹಾದುಹೋಗಿದ್ದರು. ಹಾಗೆ ಹಾದುಹೋದ ಪ್ರತಿಯೊಬ್ಬನಿಗೂ ಡ್ರೈವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಟ್ಟಕಡೆಯವರಾಗಿ ಗೆರೆ ದಾಟಿದರು. ಯಾರಿಗೂ ತಾಗಿರಲಿಲ್ಲ. ಪರದೆ ಒಂದು ಕ್ಷಣ ಯೋಚಿಸಿ, ಸುರಕ್ಷತಾ ಅಂಕ ಪೂರ್ತಿ ನೂರು ಎಂದು ಬರೆದು, ಲೈಸೆನ್ಸನ್ನು ಒಂದು ಹಂತ ಮೇಲೇರಿಸಿತು. ಕಂಡಕ್ಟರು ಅದನ್ನು ಗಟ್ಟಿಯಾಗಿ ಓದಿದರು. ಕೆಳಗಿನ ಬಾಲ್ಕನಿಯವರು ತಲೆಯೆತ್ತಿ ನೋಡಿದರು.

ಅಂದಿನಿಂದ ದಿನವೂ ಹತ್ತಕ್ಕೆ ಡ್ರೈವರು ಮೇಲೆ ಬರತೊಡಗಿದರು. ಒಂದು ಆಟ ಅವರದ್ದು, ಒಂದು ಇವರದ್ದು. ಕಂಡಕ್ಟರೂ ಬಿಗಿನರಿನಿಂದಲೇ ಆಡಿದರು. ಡ್ರೈವರು ಹೇಳಿಕೊಟ್ಟ ಮೇಲೆ ತಿರುವಿಗೆ ಮುಂಚೆ ಬ್ರೇಕ್ ಒತ್ತುವುದನ್ನು ಕಲಿತರು. ಬೀರು ಇನ್ನೂ ಎರಡು ಬೆರಳು ಹಿಂದೆ ಹೋಯಿತು. ಊಟ ಮಂಚದ ಮೇಲೆಯೇ ಉಳಿಯಿತು.

ಎರಡು ತಿಂಗಳಾಗಿರಬಹುದು. ಒಂದು ದಿನ ಹನ್ನೆರಡರ ಮಾತ್ರೆಗೆ ಹೊತ್ತಾಯಿತೆಂದು ಡ್ರೈವರ ಹೆಂಡತಿ ಕರೆಯಲು ಬಂದರು. ಬಾಗಿಲು ತೆರೆದೇ ಇತ್ತು. ಒಳಗೆ ಗಂಡ ದೊಡ್ಡ ಎಡತಿರುವೊಂದರಲ್ಲಿದ್ದರು. ಬಲಗೈ ಚಕ್ರ ಬಿಟ್ಟು ಮೂಗು ತುರಿಸುತ್ತಿತ್ತು. ಎಡಗೈ ಒಂದೇ, ಮೆಲ್ಲಗೆ, ನಡುಗುತ್ತ, ಚಕ್ರವನ್ನು ತಿರುಗಿಸುತ್ತಿತ್ತು. ಗಂಡನಿಗೆ ಅದರ ಪರಿವೆಯಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಂಡಕ್ಟರಿಗೆ ಇತ್ತು. ಅವರು ಬಾಯಿಗೆ ಕೈ ಅಡ್ಡ ಹಿಡಿದು, ಉಸಿರೂ ಬಿಡದೆ, ಆ ಕೈಯನ್ನೇ ನೋಡುತ್ತಿದ್ದರು.

ಡ್ರೈವರ ಹೆಂಡತಿ ಕೋಣೆಯ ಹೊಸ್ತಿಲಿಂದ ಹಿಂದೆ ಸರಿದು, ಅಡುಗೆಮನೆಗೆ ಹೋಗಿ ಗೋಡೆ ಹಿಡಿದು ನಿಂತರು.

"ಯಾಕಕ್ಕಾ, ಕರೀಲಿಲ್ವಾ?" ಎಂದರು ಕಂಡಕ್ಟರ ಹೆಂಡತಿ.

"ಬರ್ತಾರೆ ಬಿಡಿ," ಎಂದರು ಅವರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಇನ್ನೂ ಒಂದು ಸುತ್ತಿದೆಯಂತೆ."